ಅತ್ತಿಗೆ ತೊಳೆದ ತೋಟಾಗಳು

ಗರ್ರ್… ಗರ್ರ್… ಗರ್ರ್… ನಡುವೆ ಸಣ್ಣಗೆ ಕಿಣಿಕಿಣಿ. ಮತ್ತೆ ಗರ್ರ್.

ಬ್ರಿಸ್ಬೇನಿನಲ್ಲಿ ನನ್ನ ಮೈದುನ ಸೀನುವಿನ ಮನೆಗೆ ಹೋದ ಮೊದಲ ಸಲ ನನಗೆ ಬೆಳಿಗ್ಗೆ ಎಚ್ಚರವಾದದ್ದು ಈ ಸದ್ದಿಗೆ. ಕಣ್ಣು ಬಿಡುವ ಮೊದಲೇ ಕಣ್ಣಲ್ಲಿ ನೀರು ಬಂತು. ಹೆಂಡತಿ ಹೋದ ಮೇಲೆ ಬ್ರೆಡ್ಡು, ಜಾಮು, ಸೀರಿಯಲ್ಲು ಅಂತ ದಿನ ದೂಡುತ್ತಿದ್ದ ಹುಡುಗ (ಹುಡುಗನೇನು, ಎಪ್ಪತ್ತರ ಹತ್ತಿರ, ಆದರೆ ಅತ್ತಿಗೆಯರ ಕಣ್ಣಲ್ಲಿ ಮೈದುನರಿಗೆ ವಯಸ್ಸಾಗುವುದಿಲ್ಲ) ನಾನು ಬಂದೆನೆಂದು ಬೆಳಗಾಗೆದ್ದು ದೋಸೆಗೆ ರುಬ್ಬುತ್ತಿದ್ದಾನೆ! ಹೌ ಸ್ವೀಟ್ ಅಂದುಕೊಂಡು ಶಾಲು ಹೊದ್ದು ಸದ್ದಿನ ಜಾಡು ಹಿಡಿದು ಗ್ಯಾರೇಜಿಗೆ ಹೋದೆ. ಗ್ರೈಂಡರಿನ ಗಾತ್ರದ ಒಂದು ದುಂಡನೆ ಡಬ್ಬ ಮೈ ನಡುಗಿಸಿಕೊಂಡು ನಿಂತಿತ್ತು. ಹಿಟ್ಟು ನುಣ್ಣಗಾಗಿದೆಯೇ ನೋಡೋಣವೆಂದು ಮುಚ್ಚಳ ತೆಗೆದು ಬೆರಳು ಹಾಕಿದೆ. ಕೈಗೆ ಬಂದದ್ದು ಅಕ್ರೋಟು ಚಿಪ್ಪಿನ ಒಣ ಪುಡಿ. ಅದರೊಳಗೆ ಬೆರಳುದ್ದದ ಹಿತ್ತಾಳೆ ಕೊಳವೆಗಳು, ಫಳಫಳ.

"ಅತ್ತಿಗೆ, ಕೈ ತೆಗೀರಿ! ತೋಟಾ ಅದು!"

"ತೋಟಾ ಅಂದ್ರೆ?"

"ಕೋವಿಗೆ ಹಾಕೋ ತೋಟಾ. ಹೆದರ್ಬೇಡಿ, ಖಾಲಿ ಕೊಳವೆ. ಪಾಲಿಶ್ ಆಗ್ತಿದೆ."

"ದೋಸೆ?"

"ಫ್ರಿಜ್ಜಲ್ಲಿ ಬ್ರೆಡ್ ಇದೆ."

ಕಳೆದ ವಾರ ಇಲ್ಲಿ ಅಡಿಲೇಡಿನ ಮಾಸನ್ ಲೇಕ್ಸಿನಲ್ಲಿ, ಮಗಳ ಮನೆಯ ಡ್ರೈಯರಿನೊಳಗೆ ಅಳಿಯ ಜೇಬಿನಲ್ಲಿ ಮರೆತ ಚಿಲ್ಲರೆ ಕಾಸುಗಳು ಹೊರಳಾಡಿದವು. ಎಲ್ಲರೂ ಡ್ರೈಯರ್ ಕೆಟ್ಟಿತೆಂದು ಓಡಿದರು. ನಾನೊಬ್ಬಳೇ ಸೋಫಾದಲ್ಲಿ ಕೂತು ಸೀನುವನ್ನು ನೆನೆದು ನಗುತ್ತಿದ್ದೆ. ಮಗಳು ಹಣೆ ಮುಟ್ಟಿ ಜ್ವರ ನೋಡಿದಳು.

ಸೀನು ಅರಿವಳಿಕೆ ಡಾಕ್ಟರು. ಅಪ್ಪಟ ಸಸ್ಯಾಹಾರಿ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ನರ್ಸುಗಳನ್ನು ಪೀಡಿಸುತ್ತಿದ್ದ ಜಾತಿ. ರಿಟೈರಾದ ಮೇಲೆ, ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್ ಆಗಿದ್ದ ನೆರೆಮನೆಯ ಬ್ಯಾರಿ ಎಂಬ ಹೆಸರಿನ ಆಸ್ಟ್ರೇಲಿಯನ್ ಇವನನ್ನು ರೈಫಲ್ ರೇಂಜಿಗೆ ಕರೆದುಕೊಂಡು ಹೋದ. ಬ್ಯಾರಿ ಕಾಡುಹಂದಿ ಬೇಟೆಯಾಡುವವನು, ಗಡ್ಡದವನು, ಭೇಟಿಯಾದ ಮೊದಲ ನಿಮಿಷದಲ್ಲೇ ನನ್ನನ್ನು "ಲವ್" ಎಂದು ಕರೆದವನು. ನಲವತ್ತೊಂದು ವರ್ಷ ಸಂಸಾರ ಮಾಡಿದ ನನ್ನ ಯಜಮಾನರು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ನಾನು ಒಂದೆರಡು ದಿನ ಬ್ಯಾರಿಯ ಕಣ್ಣು ತಪ್ಪಿಸಿ ಓಡಾಡಿದೆ. ಆಮೇಲೆ ಆತ ಪೋಸ್ಟ್‌ಮನ್ನನ್ನೂ ಹಾಗೇ ಕರೆಯುವುದು ಕೇಳಿ ಸ್ವಲ್ಪ ನಿರಾಸೆಯಾಯಿತು.

ಸೀನುವಿಗೆ ಗುಂಡು ಹಾರಿಸುವುದರಲ್ಲಿ ಅಂಥ ಮೋಹವಿರಲಿಲ್ಲ. ಅವನು ಬಿದ್ದದ್ದು ತೂಕಕ್ಕೆ. ಅಂಗಡಿಯ ರೆಡಿಮೇಡ್ ತೋಟಾ ತರದೆ, ಒಮ್ಮೆ ಹಾರಿಸಿದ ಹಿತ್ತಾಳೆ ಕೊಳವೆಯನ್ನು ಮತ್ತೆ ತೊಳೆದು, ಅಳೆದು, ಮದ್ದಿನ ಪುಡಿ ತೂಗಿ ತುಂಬಿ, ತುದಿಗೆ ಗುಂಡು ಕೂರಿಸಿ, ಮನೆಯಲ್ಲೇ ತಯಾರಿಸುವವರ ಒಂದು ಪಂಥವಿದೆಯಂತೆ. ಹ್ಯಾಂಡ್‌ಲೋಡಿಂಗ್ ಅಂತ ಅದರ ಹೆಸರು. ಸೀನು ಆ ಪಂಥಕ್ಕೆ ಸೇರಿ ಸನ್ಯಾಸಿಯಾದ.

"ಲೈಫೆಲ್ಲ ಮಿಲಿಗ್ರಾಂ ಲೆಕ್ಕ ಹಾಕಿ ಜನಾನ ಮಲಗಿಸಿದೀನಿ ಅತ್ತಿಗೆ. ಇದೂ ಅದೇ ಕೆಲಸ."

"ನೀನು ಮಲಗಿಸಿದೋರು ಎದ್ದು ಕೂತು ಕಾಫಿ ಕೇಳ್ತಿದ್ರು ಕಣೋ."

"ಎಲ್ರೂ ಅಲ್ಲ," ಎಂದ ಮಹರಾಯ, ನಗದೆ.

ಬೇಟೆಯ ಗುಂಡಿನ ಬಗ್ಗೆ ಅವನು ಕೊಟ್ಟ ಲೆಕ್ಚರು ನನಗೆ ಅರ್ಥವಾದದ್ದು ಪೂರಿಯ ಮೂಲಕ. ಗುಂಡು ಪ್ರಾಣಿಗೆ ತಾಗಿದೊಡನೆ ಮುಂದಿನ ತುದಿ ಅಣಬೆಯ ಹಾಗೆ ಅರಳಬೇಕಂತೆ. ಆಗ ಜೀವ ನರಳದೆ ಥಟ್ಟನೆ ಹೋಗುತ್ತದೆ. ವೇಗ ಕಡಿಮೆಯಾದರೆ ಅರಳದೆ ದಬ್ಬಣದ ಹಾಗೆ ತೂರಿಹೋಗುತ್ತದೆ, ಹೆಚ್ಚಾದರೆ ಚೂರುಚೂರು. ಎಣ್ಣೆ ಕಾಯದಿದ್ದರೆ ಪೂರಿ ಉಬ್ಬುವುದಿಲ್ಲ, ಅತಿಯಾಗಿ ಕಾದರೆ ಸೀದುಹೋಗುತ್ತದೆ, ಅಷ್ಟೇ ತಾನೇ ಎಂದೆ. ಅವನು ಒಂದು ಕ್ಷಣ ಯೋಚಿಸಿ, "ಬ್ಯಾರಿಗೆ ಹೇಳ್ಬೇಕು ಇದನ್ನ. ಆದ್ರೆ ಮೊದ್ಲು ಪೂರಿ ಮಾಡಿ ತೋರಿಸ್ಬೇಕಾಗತ್ತೆ," ಎಂದ. ಆ ಸಂಜೆ ಬ್ಯಾರಿ ಹನ್ನೊಂದು ಪೂರಿ ತಿಂದು ಬ್ಯಾಲಿಸ್ಟಿಕ್ಸ್ ಕಲಿತ.

ಹಾಗಾದರೆ ಸೀನು ಹಂದಿ ಹೊಡೆದನೇ? ಇಲ್ಲ. ಒಂದು ಗುಬ್ಬಿಯನ್ನೂ ಹೊಡೆಯಲಿಲ್ಲ. ಬ್ಯಾರಿಯ ತಂಗಿಯ ಫಾರ್ಮಿನಲ್ಲಿ ಹಾಲಿನ ಕ್ಯಾನುಗಳಿಗೆ ನೀರು ತುಂಬಿ ಸಾಲಾಗಿ ಇಟ್ಟು ಹೊಡೆಯುತ್ತಿದ್ದ. ಒದ್ದೆಯಾಗಿ ಮನೆಗೆ ಬಂದು ಅರಳಿದ ಗುಂಡುಗಳನ್ನು ಡೈನಿಂಗ್ ಟೇಬಲ್ಲಿನ ಮೇಲೆ ಹರವಿಕೊಂಡು ಭೂತಗನ್ನಡಿ ಹಿಡಿಯುತ್ತಿದ್ದ. ತಾಮ್ರದ ಎಸಳು ಬಿಚ್ಚಿದ ಅವು ನೋಡಲು ಲಕ್ಷಣವಾಗಿರುತ್ತಿದ್ದವು. ಒಂದು ದಿನ ಹೂವು ಇರಲಿಲ್ಲ; ಚೆನ್ನಾಗಿ ಅರಳಿದ್ದನ್ನು ಒಂದು ಎತ್ತಿ ಗಣಪತಿಯ ಪಾದದಲ್ಲಿಟ್ಟೆ. ಗಣಪತಿ ಮುಖ ತಿರುಗಿಸಲಿಲ್ಲ. ಸೀನು ಮಾತ್ರ ತನ್ನ ಬೆಸ್ಟ್ ಸ್ಯಾಂಪಲ್ ಕಾಣದೆ ಮಧ್ಯಾಹ್ನದವರೆಗೆ ಮನೆಯೆಲ್ಲ ಹುಡುಕಿದ.

ಅಡಿಲೇಡಿನ ಚಳಿ ನನ್ನ ಮಂಡಿಗೆ ಆಗುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಚಳಿಗಾಲಕ್ಕೆ ಬ್ರಿಸ್ಬೇನಿಗೆ ಹೋಗಿ ಗಣೇಶನ ಹಬ್ಬ ಮುಗಿಸಿಕೊಂಡು ವಾಪಸ್ಸಾಗುವುದು ವಾಡಿಕೆಯಾಯಿತು. ವಿಧವೆ ಅತ್ತಿಗೆ, ವಿಧುರ ಮೈದುನ, ಒಂದೇ ಮನೆ. ಅಲ್ಲಿನ ಕನ್ನಡ ಕೂಟದವರು ಬಿಸಿಬೇಳೆಬಾತಿನ ಪಕ್ಕ ನಿಂತು ಗುಸುಗುಸು ಅಂದದ್ದೂ ಉಂಟು. ಸೀನು ಕೇಳಿಸಿಕೊಂಡು, "ಅತ್ತಿಗೆ, ನಮ್ಮಿಬ್ಬರ ಮಂಡಿ ಸೇರಿದ್ರೆ ಒಂದು ಮಂಡಿನೂ ಆಗಲ್ಲ ಅಂತ ಇವರಿಗೆ ಹೇಳ್ಲಾ?" ಎಂದ. ಗಟ್ಟಿಯಾಗಿಯೇ ಎಂದ.

ಆ ಮೊದಲ ವರ್ಷ ಗಣೇಶನ ಹಬ್ಬದ ಹಿಂದಿನ ದಿನ ನಾನು ಹಿತ್ತಾಳೆ ದೀಪ, ಪಂಚಪಾತ್ರೆ, ಗಂಟೆ ಎಲ್ಲವನ್ನೂ ಹುಣಸೆಹಣ್ಣಿಗೆ ಹಾಕಿ ಕೂತಿದ್ದೆ. ಚಿಕ್ಕಂದಿನಲ್ಲಿ ಮೈಸೂರಿನ ಮನೆಯ ಹಿತ್ತಲಲ್ಲಿ ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹುಣಸೆಹಣ್ಣು, ಉಪ್ಪು, ಇಟ್ಟಿಗೆಪುಡಿ ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿದವಳು ನಾನು. ಮಾರನೆಯ ದಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಡಿಕ್ಟಾ ಉಗುರು ಪರೀಕ್ಷಿಸಿ, "ಚೈಲ್ಡ್, ಹ್ಯಾವ್ ಯೂ ಬೀನ್ ಡಿಗ್ಗಿಂಗ್ ಎ ಗ್ರೇವ್?" ಎನ್ನುತ್ತಿದ್ದರು. ಈಗಲೂ ಹಿತ್ತಾಳೆ ಮಂಕಾಗಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಆ ದಿನ ಸೀನುವಿನ ಪಾಲಿಶ್ ಯಂತ್ರದ ಮೋಟಾರು ಕೆಟ್ಟಿತ್ತು. ಶೆಲ್ಫಿನ ಮೇಲೆ ಮೊಸರಿನ ಡಬ್ಬಗಳಲ್ಲಿ ಮಸಿ ಹಿಡಿದ ತೋಟಾಕೊಳವೆಗಳು ಅನಾಥವಾಗಿದ್ದವು. ಹಬ್ಬದ ಮನೆ. ಎಲ್ಲವನ್ನೂ ಒಂದೇ ಬೇಸನ್ನಿಗೆ ಸುರಿದೆ.

ತೊಳೆದು, ಬಚ್ಚಲ ಟವೆಲ್ಲಿನಲ್ಲಿ ಒರೆಸಿ, ಹಿತ್ತಲಿನಲ್ಲಿ ಹಳೆಯ ಕಾಟನ್ ಸೀರೆ ಹಾಸಿ ಸಂಡಿಗೆಯ ಹಾಗೆ ಸಾಲಾಗಿ ಒಣಗಿಸಿದೆ. ಮ್ಯಾಗ್‌ಪೈ ಹಕ್ಕಿ ಒಯ್ಯದಿರಲೆಂದು ಪಕ್ಕದಲ್ಲಿ ಕೋಲು ಹಿಡಿದು ಕೂತೆ. ಬೇಲಿಯ ಮೇಲಿಂದ ಬ್ಯಾರಿ ಇಣುಕಿದ. ಅವನ ಮುಖ ನೋಡಿದರೆ ಚರ್ಚಿನೊಳಗೆ ಯಾರೋ ಒಗ್ಗರಣೆ ಹಾಕುವುದನ್ನು ಕಂಡವನ ಹಾಗಿತ್ತು.

"ಓ, ಲವ್," ಎಂದ ಮೆಲ್ಲಗೆ. "ಓ, ನೋ."

ವಿಷಯ ಇಷ್ಟು: ಒಂದೊಂದು ಡಬ್ಬಕ್ಕೂ ಒಂದೊಂದು ಗೋತ್ರವಿತ್ತಂತೆ. ಒಮ್ಮೆ ಹಾರಿಸಿದವು, ಎರಡು ಸಲ ಹಾರಿಸಿದವು, ಈ ರೈಫಲ್ಲಿನವು, ಆ ರೈಫಲ್ಲಿನವು. ಹಾರಿಸಿದಷ್ಟೂ ಹಿತ್ತಾಳೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಗುಂಡಿನ ವೇಗ ಬದಲಾಗುತ್ತದೆ. ನಾನು ಎಲ್ಲಕ್ಕೂ ಸಹಪಂಕ್ತಿ ಭೋಜನ ಮಾಡಿಸಿದ್ದೆ.

ಸೀನು ಬಂದವನು ಸೀರೆಯ ಮುಂದೆ ನಿಂತ. "ಏನ್ ಮಾಡ್ಬಿಟ್ರಿ ಅತ್ತಿಗೆ!"

"ಹೊಳೀತಿವೆ ನೋಡು."

"ಹೊಳೀತಿವೆ. ಮಂಗಳಾರತಿ ಎತ್ತಕ್ಕೆ ಬರೋ ಹಾಗಿವೆ."

ಅಲ್ಲಿಂದ ಶುರುವಾಯಿತು ನನ್ನ ಅಪಖ್ಯಾತಿ. ಗುಂಡಿನ ವೇಗ ಅಳೆಯುವ ಪುಟ್ಟ ಪೆಟ್ಟಿಗೆಯೊಂದಿದೆ, ಕ್ರೋನೋಗ್ರಾಫ್ ಅಂತ. ಒಂದೇ ಅಳತೆಯಲ್ಲಿ ತುಂಬಿದ ತೋಟಾಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗ ತೋರಿಸಬೇಕು. ಆ ಅಂಕಿಗಳು ಹತ್ತಿರಹತ್ತಿರ ಬಂದಷ್ಟೂ ತುಂಬಿದವನ ಕೈ ಶುದ್ಧ ಎಂದರ್ಥ. ಸೀನುವಿನ ಅಂಕಿಗಳು ಆ ಕಾಲದಿಂದ ಮೇಲೆ ಕೆಳಗೆ ಕುಣಿಯತೊಡಗಿದವು. ಕೂಟದ ಊಟದಲ್ಲಿ, ಫೋನಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕವರೊಡನೆ, "ನಮ್ಮತ್ತಿಗೆ ಹುಣಸೆಹಣ್ಣಿಂದ ನನ್ನ ವೆಲಾಸಿಟಿ ಹೋಯ್ತು" ಎಂದು ಸಾರಿದ. ಹೊಸ ಪರಿಚಯದ ಹುಡುಗಿಯೊಬ್ಬಳು, "ಆಂಟಿ, ವೆಲಾಸಿಟಿ ಆಂಟಿ ಅಂದ್ರೆ ನೀವೇನಾ?" ಎಂದು ಕೇಳಿದಳು.

ಮೂರನೆಯ ವರ್ಷ ನಾನು ಹೋದಾಗ ಅವನು ಹಳೆಯದನ್ನೆಲ್ಲ ಎಸೆದು ಹೊಸ ಹಿತ್ತಾಳೆ ತಂದಿದ್ದ. ಅದನ್ನು ನಾನು ಮುಟ್ಟಿಯೂ ಇರಲಿಲ್ಲ. ಆದರೂ ಅಂಕಿಗಳ ಕುಣಿತ ನಿಂತಿರಲಿಲ್ಲ, ಹುಣಸೆಹಣ್ಣಿನ ದೂರೂ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಹಿಡಿದು ಗ್ಯಾರೇಜಿಗೆ ಹೋದೆ. ಮದ್ದಿನ ಪುಡಿ ಅಂದರೆ ಪೆನ್ಸಿಲ್ಲಿನ ಸೀಸವನ್ನು ಸಣ್ಣಗೆ ತುಂಡರಿಸಿದ ಹಾಗೆ ಕಪ್ಪು ಕಾಳು. ಸೀನು ಕೊನೆಯ ನಾಲ್ಕಾರು ಕಾಳುಗಳನ್ನು ತಕ್ಕಡಿಯ ತಟ್ಟೆಗೆ ಉದುರಿಸಲು ನೋಡುತ್ತಿದ್ದ. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಆದರೂ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೆ ಏನನ್ನೋ ಉಜ್ಜುತ್ತಿತ್ತು. ಕಾಳುಗಳು ಮೇಜಿನ ತುಂಬ ಚೆಲ್ಲಿದ್ದವು.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಲೈಫೆಲ್ಲ ಪೇಷೆಂಟುಗಳ ಕೈ ಹಿಡಿದವನಿಗೆ ಅದೇನೆಂದು ನಾನು ಹೇಳಬೇಕೇ?

"ಹುಣಸೆಹಣ್ಣು, ಅತ್ತಿಗೆ," ಎಂದ.

"ಹೌದಪ್ಪ," ಎಂದೆ. "ಹಾಳು ಹುಣಸೆಹಣ್ಣು."

ಕಾಫಿಯನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟೆ.

ಪರ್ತಿನಲ್ಲಿ ಅವನ ಮಗಳು ಅನು ಇದ್ದಾಳೆ, ಅವಳೂ ಡಾಕ್ಟರು. ಫೋನಿನಲ್ಲಿ ಅಪ್ಪ ಕನ್ನಡದಲ್ಲಿ ಕೇಳುತ್ತಿದ್ದ, ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಸ್ಕ್ರೀನಿನಲ್ಲಿ ಅಪ್ಪನ ಕೈ ಕಂಡು ಅವಳಿಗೆ ಅನುಮಾನ ಬಂದಿತ್ತು.

"ಡ್ಯಾಡ್, ಶೋ ಮಿ ಯುವರ್ ಹ್ಯಾಂಡ್ಸ್."

"ಕೈಯಲ್ಲಿ ಏನಿದೆ ಪುಟ್ಟಾ, ಕಾಫಿ ಇದೆ."

"ಡ್ಯಾಡ್. ರೈಫಲ್ಸ್ ಗೋ, ಆಂಡ್ ಯೂ ಕಮ್ ಟು ಪರ್ತ್. ದೊಡ್ಡಮ್ಮ, ಯೂ ಟೆಲ್ ಹಿಮ್."

ನಾನು ಏನೂ ಟೆಲ್ ಮಾಡಲಿಲ್ಲ. ಅವಳು ಹೇಳಿದ್ದು ತಪ್ಪಲ್ಲ. ಆದರೆ ಕೋವಿ ಹೋದರೆ ಗ್ಯಾರೇಜು ಹೋಯಿತು, ಗ್ಯಾರೇಜು ಹೋದರೆ ಬ್ಯಾರಿ ಹೋದ, ಬ್ಯಾರಿ ಹೋದರೆ ಮನೆಯೇ ಹೋಯಿತು. ಉಳಿಯುವುದು ಮಗಳ ಗೆಸ್ಟ್ ರೂಮು, ಮೊಮ್ಮಕ್ಕಳ ಹಳೆಯ ಪೋಸ್ಟರು. ಹುಣಸೆಹಣ್ಣು ಇರುವವರೆಗೆ ಅವನು ಬ್ರಿಸ್ಬೇನಿನಲ್ಲಿ ಇರಬಹುದಿತ್ತು.

ಕಾಳು ತಾನಾಗಿ ತೂಗುವ ಎಲೆಕ್ಟ್ರಿಕ್ ಯಂತ್ರ ತೆಗೆದುಕೋ ಮೇಟ್, ಎಂದ ಬ್ಯಾರಿ. ಸೀನು ಒಪ್ಪಲಿಲ್ಲ. "ಪ್ಯಾಕೆಟ್ ಹಿಟ್ಟಲ್ಲಿ ದೋಸೆ ಹುಯ್ಯೋರಿಗೆ ಅದು," ಎಂದ. ನನಗೆ ತಡೆಯಲಾಗಲಿಲ್ಲ. "ಸರ್ಕೋ ಆ ಕಡೆ," ಎಂದು ಸ್ಟೂಲು ಎಳೆದುಕೊಂಡೆ.

ಇಲ್ಲಿ ರಂಗೋಲಿಯ ವಿಷಯ ಹೇಳಬೇಕು. ಮದುವೆಯಾಗಿ ಬಂದಾಗ ನನಗೆ ಕಸೂತಿಯಲ್ಲಿ ಫ್ರೆಂಚ್ ನಾಟ್ ಹಾಕಲು ಬರುತ್ತಿತ್ತು, ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು ನಡೆಯಲು ಬರುತ್ತಿತ್ತು, ರಂಗೋಲಿಯ ಒಂದು ಎಳೆ ನೆಟ್ಟಗೆ ಬರುತ್ತಿರಲಿಲ್ಲ. ಅತ್ತೆ ಬೆಳಿಗ್ಗೆಬೆಳಿಗ್ಗೆ ಬಾಗಿಲಲ್ಲಿ ಕೂರಿಸಿ ಕಲಿಸಿದರು: ಹೆಬ್ಬೆರಳು, ತೋರುಬೆರಳು, ನಡುವೆ ಪುಡಿ, ಹಿಂಡಬಾರದು, ಬಿಡಲೂಬಾರದು. ಇಸ್ಕೂಲಿಗೆ ಹೊರಟ ಸೀನು ಮೆಟ್ಟಿಲ ಮೇಲೆ ನಿಂತು, "ಅತ್ತಿಗೆ, ಹಾವು ಬರೆದ್ರಾ? ನಾಗರಪಂಚಮಿ ಇನ್ನೂ ಬಂದಿಲ್ಲ!" ಎಂದು ಓಡುತ್ತಿದ್ದ. ಆ ಅವಮಾನದಿಂದಲೇ ನಾನು ಕಲಿತೆ. ಅಂದಿನಿಂದ ಒಂದು ಬೆಳಿಗ್ಗೆಯೂ ತಪ್ಪಿಲ್ಲ. ಮಾಸನ್ ಲೇಕ್ಸಿನ ಬಾಡಿಗೆ ಮನೆಯ ಕಾಂಕ್ರೀಟಿನ ಮೇಲೂ ಎಳೆದಿದ್ದೇನೆ.

ಬೆರಳ ನಡುವಿನಿಂದ ಒಂದೊಂದೇ ಕಾಳು ಬಿಟ್ಟೆ. ತಕ್ಕಡಿಯ ಮುಳ್ಳು ಗೆರೆಗೆ ಬಂದು ಸುಮ್ಮನಾಯಿತು. ಇನ್ನೊಂದು ತಟ್ಟೆ. ಮತ್ತೆ ಸುಮ್ಮನಾಯಿತು. ಸೀನು, ಬ್ಯಾರಿ ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದರು. ಇಷ್ಟು ಗಮನವಿಟ್ಟು ಇಬ್ಬರು ಗಂಡಸರು ನನ್ನನ್ನು ಯಾವತ್ತೂ ನೋಡಿರಲಿಲ್ಲ, ನೋಡಬೇಕಾದ ವಯಸ್ಸಿನಲ್ಲೂ.

"ಜೀಸಸ್," ಎಂದ ಬ್ಯಾರಿ.

"ಅಮ್ಮ ಕಲಿಸಿದ್ದು," ಎಂದ ಸೀನು. ಉಳಿದ ಕೆಲಸ ಅವನದೇ: ಯಂತ್ರದ ಸನ್ನೆಕೋಲು ಒತ್ತಿ ಗುಂಡು ಕೂರಿಸುವುದು. ಅದಕ್ಕೆ ತೋಳು ಸಾಕು, ಬೆರಳು ಬೇಡ.

ಆ ಶನಿವಾರ ಮೂವರೂ ರೇಂಜಿಗೆ ಹೋದೆವು. ತುರುಬಿನ ಮೇಲೆ ಕಿವಿಮುಚ್ಚುಗೆ ಕೂರದೆ ಬ್ಯಾರಿ ತನ್ನ ಟೋಪಿಯ ಪಟ್ಟಿ ಕೊಟ್ಟು ಬಿಗಿದ. "ಎ ಲೇಡಿ ನೆವರ್ ಪಾಯಿಂಟ್ಸ್, ಗರ್ಲ್ಸ್" ಎಂದು ಬೆರಳು ತೋರಿಸುವುದನ್ನೇ ಮಹಾಪಾಪ ಮಾಡಿದ್ದ ಸಿಸ್ಟರ್ ಬೆನಡಿಕ್ಟಾ ಆ ಸಾಲುಗಟ್ಟಿದ ಕೋವಿಗಳನ್ನು ನೋಡಿದ್ದರೆ ಅಲ್ಲೇ ಮೊಣಕಾಲೂರುತ್ತಿದ್ದರು. ಸೀನು ಬೆಂಚಿನಲ್ಲಿ ಕೂತು, ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ಒಂದಾದ ಮೇಲೊಂದು ಹಾರಿಸಿದ. ಪ್ರತಿ ಸಲವೂ ಪೆಟ್ಟಿಗೆಯ ಪರದೆಯಲ್ಲಿ ಅಂಕಿ ಮೂಡಿತು. ಎರಡು ಸಾವಿರದ ಏಳುನೂರರ ಆಸುಪಾಸು, ಸೆಕೆಂಡಿಗೆ ಅಷ್ಟು ಅಡಿ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡು, ಒಂದೇ ತಾಯಿಯ ಮಕ್ಕಳ ಹಾಗೆ.

"ನೋಡ್ರೀ ಅತ್ತಿಗೆ! ಫ್ಯಾಕ್ಟರಿಯವನಿಗೂ ಹೀಗೆ ಬರಲ್ಲ!" ಅವನ ಮುಖದಲ್ಲಿ ಆ ಇಸ್ಕೂಲು ಹುಡುಗ ಬಂದಿದ್ದ. ನಾನೂ ಸೆರಗು ಕೊಡವಿ ಸ್ವಲ್ಪ ಬೀಗಿದೆ.

ಆಮೇಲೆ ಗುರಿಯ ಹಾಳೆ ನೋಡಲು ನಡೆದುಕೊಂಡು ಹೋದೆವು. ತೂತುಗಳೆಲ್ಲ ಒಂದು ಕಾಸಿನಗಲದೊಳಗೆ ಇರಬೇಕಿತ್ತು. ಹಾಳೆಯ ತುಂಬ ಹರಡಿಕೊಂಡಿದ್ದವು. ಎರಡು ಗುಂಡು ಹಾಳೆಗೇ ತಾಗಿರಲಿಲ್ಲ.

"ಗಾಳಿ, ಮೇಟ್," ಎಂದ ಬ್ಯಾರಿ.

ಗಾಳಿ ನೋಡಲು ನೆಟ್ಟಿದ್ದ ಬಾವುಟ ಒಗೆದು ಹಾಕಿದ ಲಂಗದ ಹಾಗೆ ಜೋತುಬಿದ್ದಿತ್ತು.

ಸೀನು ಹಾಳೆಯನ್ನು ಬಹಳ ಹೊತ್ತು ನೋಡಿದ. ಮದ್ದು ಸರಿ, ಹಿತ್ತಾಳೆ ಸರಿ, ವೇಗ ಸರಿ. ಉಳಿದದ್ದು ಒಂದೇ. ನನ್ನ ಕಡೆ ತಿರುಗಿ ನಕ್ಕ. "ನೀವು ಇಷ್ಟು ಚೆನ್ನಾಗಿ ಮಾಡ್ಬಾರ್ದಿತ್ತು ಅತ್ತಿಗೆ."

ನಾನು ಹಾಳೆಯನ್ನು ಬಿಚ್ಚಿ, ತೂತು ಕಾಣದ ಹಾಗೆ ಮಡಚಿ ಸೆರಗಿನಡಿ ಇಟ್ಟುಕೊಂಡೆ.

"ಕೈ ನಡುಗೋನು ಥಿಯೇಟರ್ ಒಳಗೆ ಬರಬಾರದು ಅಂತ ಜೂನಿಯರ್‌ಗಳಿಗೆ ನಾನೇ ಹೇಳ್ತಿದ್ದೆ," ಎಂದ. ಬೆಂಚಿಗೆ ವಾಪಸ್ಸು ಹೋಗಿ, ರೈಫಲ್ ಖಾಲಿ ಮಾಡಿ, ಬ್ಯಾರಿಗೆ ತೋರಿಸಿ, ಚೀಲಕ್ಕೆ ಹಾಕಿ ಜಿಪ್ಪು ಎಳೆದ. ಜಿಪ್ಪಿನ ತುದಿ ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ನಾವಿಬ್ಬರೂ ಬೇರೆಲ್ಲೋ ನೋಡುತ್ತ ನಿಂತೆವು. ಮನೆಗೆ ಬರುವ ದಾರಿಯಲ್ಲಿ ಬ್ಯಾರಿ ಡ್ರೈವ್ ಮಾಡಿದ. ಸೀನು ಹಿಂದಿನ ಸೀಟಿನಲ್ಲಿ ಕೂತು, ಬ್ಯಾರಿಗೆ ಲೇನ್ ಬದಲಿಸಲು ಬರುವುದಿಲ್ಲವೆಂದು ಮನೆಯವರೆಗೂ ಬೈದ. ಮರುವಾರ ಕೋವಿಗಳು ಅಂಗಡಿಗೆ ಹೋದವು, ಲೈಸೆನ್ಸು ವಾಪಸ್ಸು ಹೋಯಿತು. ಅನುಗೆ ಅವನೇ ಫೋನ್ ಮಾಡಿದ.

ಮುಂದಿನ ವರ್ಷ ನಾನು ಪರ್ತಿಗೆ ಹೋದೆ. ಬೆಂಟ್ಲಿ ಎಂಬ ಬಡಾವಣೆಯಲ್ಲಿ ಅನುವಿನ ಮನೆ. ಎದುರಿಗೇ ಬಸ್ ಸ್ಟಾಪು, ಯೂನಿವರ್ಸಿಟಿ ಹುಡುಗರು ಬೆಳಗಿನಿಂದ ಸಂಜೆವರೆಗೆ ಕಿವಿಗೆ ಬತ್ತಿ ಸಿಕ್ಕಿಸಿಕೊಂಡು ನಿಂತಿರುತ್ತಾರೆ. ಸೀನು ಬಡಕಲಾಗಿದ್ದ. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ಇರುತ್ತಿದ್ದ, ಮನೆಯೊಳಗೂ, ಸೋಫಾದಲ್ಲಿ ಕೂತಾಗಲೂ. ನೋಡಿದವರಿಗೆ ಯಾರೋ ಹಳೆಯ ಜಮೀನ್ದಾರ ವಾಕಿಂಗ್ ಹೊರಟಿದ್ದಾನೆ ಅನ್ನಿಸಬೇಕು. ಗಡ್ಡ ಬೆಳೆದಿತ್ತು. ಅನು ತಂದುಕೊಟ್ಟ ಎಲೆಕ್ಟ್ರಿಕ್ ಶೇವರ್ ಹುಲ್ಲು ಕತ್ತರಿಸುವ ಯಂತ್ರದ ಹಾಗಿದೆಯಂತೆ; ಬ್ಲೇಡು ಅವಳು ಕೊಡುವುದಿಲ್ಲವಂತೆ; ಸಹಾಯಕ್ಕೆ ಬರುವ ಹುಡುಗಿಯ ಮುಂದೆ ಕೆನ್ನೆ ಒಡ್ಡಲು ಅವನಿಗೆ ನಾಚಿಕೆಯಂತೆ.

ನಾನು ಹೊರಡುವ ದಿನ ಬೆಳಿಗ್ಗೆ ಅವನನ್ನು ಹಿತ್ತಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಕೊರಳಿಗೆ ಟವೆಲ್ ಕಟ್ಟಿ, ಬಿಸಿನೀರು, ಬ್ರಶ್ಶು, ರೇಜರು ತಂದೆ.

"ಏನತ್ತಿಗೆ ಇದು, ಮುಡಿ ಕೊಡಿಸ್ತಿದೀರಾ?"

"ಬಾಯಿ ಮುಚ್ಚು. ಮಾತಾಡಿದ್ರೆ ತುಟಿ ಹೋಗತ್ತೆ."

"ಕತ್ತಿನ ಪಕ್ಕದಲ್ಲಿ ಹುಷಾರು. ಮುಖ್ಯವಾದ ರಕ್ತನಾಳ ಅಲ್ಲೇ ಇರೋದು."

"ನಲವತ್ತು ವರ್ಷ ಸೊರೆಕಾಯಿ ಹೆರೆದಿದೀನಿ ಕಣೋ."

ಅವನು ಕಣ್ಣು ಮುಚ್ಚಿ ಗಲ್ಲ ಎತ್ತಿದ. ಸ್ವಲ್ಪ ಹೊತ್ತಾದ ಮೇಲೆ, "ಅಣ್ಣಂಗೆ ಮಾಡ್ತಿದ್ರಾ ಹೀಗೆ?" ಎಂದ.

"ಒಂದು ದಿನಾನೂ ಇಲ್ಲ. ಇದ್ದಿದ್ರೆ ನಿನ್ನ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ರು."

ಒಂದು ಗೀರೂ ಆಗಲಿಲ್ಲ. ನೊರೆ ಒರೆಸಿದಾಗ ಒಳಗಿನಿಂದ ನಮ್ಮ ಅತ್ತೆಯ ಗಲ್ಲ ಹೊರಬಂತು. ಅವನಿಗೂ ಅವರದೇ ಗಲ್ಲ ಎಂದು ಇಷ್ಟು ವರ್ಷ ನಾನು ಗಮನಿಸಿರಲಿಲ್ಲ.

ಏರ್‌ಪೋರ್ಟಿಗೆ ಅನು ಬಿಡುವುದೆಂದಾಗಿತ್ತು. ಸೀನು ಗೇಟಿನವರೆಗೆ ಬಂದು ಜೇಬಿನಲ್ಲಿ ಕೈಯಿಟ್ಟು ನಿಂತ. ಆಮೇಲೆ ಫೋನಿನ ಪರದೆಯಲ್ಲಿ ನೋಡಿದ್ದೆಲ್ಲ ಲೆಕ್ಕಕ್ಕಿಲ್ಲ. ನಾನು ಅವನನ್ನು ಕಣ್ಣಾರೆ ಕಂಡದ್ದು ಅದೇ ಕೊನೆ. ಕಾರು ಹೊರಟಾಗ ಅವನು ಬಲಗೈಯನ್ನು ಜೇಬಿನಿಂದ ಹೊರತೆಗೆದ. ಎಡಗೈಯಿಂದ ಹಿಡಿದುಕೊಳ್ಳದೆ, ಬಸ್ ಸ್ಟಾಪಿನ ಹುಡುಗರೆಲ್ಲ ನೋಡುವ ಹಾಗೆ, ತಲೆಯ ಮೇಲಕ್ಕೆ ಎತ್ತಿದ. ಅದು ತನಗೆ ಬೇಕಾದ ಹಾಗೆ ಆಡಿತು. ಆಡಲು ಬಿಟ್ಟ. ನಾನು ಕಿಟಕಿ ಇಳಿಸಿ ಮೊಣಕೈವರೆಗೆ ಕೈ ಹೊರಹಾಕಿ ಬೀಸಿದೆ.

"ದೊಡ್ಡಮ್ಮ, ಹ್ಯಾಂಡ್ ಇನ್‌ಸೈಡ್, ಪ್ಲೀಸ್," ಎಂದಳು ಅನು.

ತಿರುವು ಬರುವವರೆಗೂ ನಾನು ಒಳಗೆ ತೆಗೆದುಕೊಳ್ಳಲಿಲ್ಲ.